ಮಲೇರಿಯಾವೋ, ಟೈಫಾಯ್ಡೋ? ಜ್ವರದ ಲಯ ನೋಡಿ ಹೇಳಲಾಗದು

ಗಡಗಡ ನಡುಕ, ಆಮೇಲೆ ಕೆಂಡದಂಥ ಮೈ, ಕೊನೆಗೆ ಬೆವರು ಸುರಿದು ಜ್ವರ ಇಳಿದರೆ ಮಲೇರಿಯಾ. ದಿನದಿಂದ ದಿನಕ್ಕೆ ಮೆಟ್ಟಿಲು ಹತ್ತಿದಂತೆ ಏರಿ, ವಾರದ ಹೊತ್ತಿಗೆ 39–40 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಂತುಬಿಟ್ಟರೆ ಟೈಫಾಯ್ಡ್. ಪಠ್ಯದಲ್ಲಿರುವುದು ಹೀಗೆ, ರೋಗಿಯಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವುದು ಕಡಿಮೆ. ದಿನ ಬಿಟ್ಟು ದಿನ ಬರುವ ಲಯ ಮಲೇರಿಯಾದ ಮೊದಲ ದಿನಗಳಲ್ಲಿ ಕೂಡಿರುವುದಿಲ್ಲ, ಮಲೇರಿಯಾದ ಅತಿ ಅಪಾಯಕಾರಿ ಬಗೆಯಾದ ಫಾಲ್ಸಿಪಾರಂನಲ್ಲಂತೂ ಜ್ವರಕ್ಕೆ ಹೊತ್ತುಗೊತ್ತೇ ಇಲ್ಲ. ನಡುವೆ ಪ್ಯಾರಸಿಟಮಾಲ್ ನುಂಗಿದರೆ ಇದ್ದಬದ್ದ ಲಯವೂ ಕೆಡುತ್ತದೆ. ಹೊಟ್ಟೆನೋವು, ಮಲಬದ್ಧತೆ, ಬಿಳಿ ಕಟ್ಟಿದ ನಾಲಿಗೆ ಟೈಫಾಯ್ಡಿನ ಕಡೆ ಕೈ ತೋರಿಸುತ್ತವೆ, ನಿಜ. ಆದರೆ ವಾಂತಿ, ಭೇದಿ ಮಲೇರಿಯಾದಲ್ಲೂ ಉಂಟು.

ಹಾಗಾಗಿ ಮೊದಲು ಮಲೇರಿಯಾ ಪರೀಕ್ಷೆ, ಅದೂ ಜ್ವರ ಬಂದ ದಿನವೇ. ಫಾಲ್ಸಿಪಾರಂ ಒಂದೆರಡು ದಿನದಲ್ಲೇ ಮಿದುಳು, ಮೂತ್ರಪಿಂಡಗಳಿಗೆ ಹೊಡೆತ ಕೊಡಬಲ್ಲದು. ರ‍್ಯಾಪಿಡ್ ಟೆಸ್ಟ್ 15–20 ನಿಮಿಷದಲ್ಲಿ ಉತ್ತರ ಕೊಡುತ್ತದೆ. ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ರಕ್ತಲೇಪನದಲ್ಲಿ ದಪ್ಪ, ತೆಳು ಎರಡೂ ಬೇಕು: ದಪ್ಪದ್ದು ಪರಾವಲಂಬಿ ಇದೆಯೇ ಎಂದು ಹುಡುಕಲು, ತೆಳುವಿನದು ಯಾವ ಬಗೆ ಎಂದು ಗುರುತಿಸಲು. ಒಮ್ಮೆ ನೆಗೆಟಿವ್ ಬಂತೆಂದು ಕೈಬಿಡಬೇಡಿ, ಅನುಮಾನ ಉಳಿದಿದ್ದರೆ 12–24 ಗಂಟೆಗೊಮ್ಮೆ, ಒಟ್ಟು ಮೂರು ಸಲ ನೋಡಬೇಕು.

ಟೈಫಾಯ್ಡಿಗೆ ಬ್ಲಡ್ ಕಲ್ಚರ್ ಬೇಕು, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಬೇಕು, ಅದಕ್ಕೆ ಆಂಟಿಬಯೋಟಿಕ್‌ನ ಮೊದಲ ಗುಳಿಗೆಗೂ ಮುಂಚೆ ರಕ್ತ ತೆಗೆಯಬೇಕು. ಗುಳಿಗೆ ನುಂಗಿದ ಮೇಲೆ ಬ್ಯಾಕ್ಟೀರಿಯಾ ಬೆಳೆಯದೆ ಕಲ್ಚರ್ ನೆಗೆಟಿವ್ ಬರುವ ಸಂಭವ ಹೆಚ್ಚು. ಮೊದಲ ವಾರದಲ್ಲೇ ಸಿಗುವ ಸಾಧ್ಯತೆ ಜಾಸ್ತಿ, ಫಲಿತಾಂಶಕ್ಕೆ ಕೆಲವು ದಿನ ಕಾಯಬೇಕು. ನೆಗೆಟಿವ್ ಬಂದರೂ ಟೈಫಾಯ್ಡ್ ಇಲ್ಲವೆಂದು ಖಚಿತವಾಗುವುದಿಲ್ಲ.

ಅತಿ ಹೆಚ್ಚು ದಾರಿ ತಪ್ಪಿಸುವುದು ಟೈಫಾಯ್ಡಿಗೆಂದು ಮಾಡಿಸುವ ವಿಡಾಲ್ ರಕ್ತಪರೀಕ್ಷೆ. ಅದು ಹುಡುಕುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಹಿಂದಿನ ಸೋಂಕು, ಲಸಿಕೆ, ಅಷ್ಟೇಕೆ, ಮಲೇರಿಯಾ ಕೂಡ ಅದನ್ನು ಪಾಸಿಟಿವ್ ಮಾಡಬಲ್ಲವು. ಒಂದೇ ಮಾದರಿಯಿಂದ ತೀರ್ಮಾನಕ್ಕೆ ಬರಬಾರದು. 10–14 ದಿನಗಳ ಅಂತರದ ಎರಡು ಮಾದರಿಗಳಲ್ಲಿ ಪ್ರತಿಕಾಯಗಳ ಪ್ರಮಾಣ ನಾಲ್ಕು ಪಟ್ಟು ಏರಿದರೆ ಅದಕ್ಕೊಂದು ಅರ್ಥ. 'ಎರಡೂ ಇದೆ' ಎಂಬ ವರದಿಗಳಲ್ಲಿ ಎಷ್ಟೋ ಈ ಒಂದೇ ವಿಡಾಲ್‌ನಿಂದ ಹುಟ್ಟಿದವು. ಎರಡೂ ಒಟ್ಟಿಗೆ ಬರುವುದುಂಟು, ಆದರೆ ಅದನ್ನು ಹೇಳಬೇಕಾದ್ದು ಲೇಪನ ಮತ್ತು ಕಲ್ಚರ್.

ಟೈಫಾಯ್ಡಿಗೆ ಸರಿಯಾದ ಔಷಧ ಶುರುವಾದರೂ ಜ್ವರ ಇಳಿಯಲು 3–5 ದಿನ ಹಿಡಿಯುತ್ತದೆ. ಎರಡನೇ ದಿನಕ್ಕೇ ಔಷಧ ಬದಲಿಸಿ ಎಂದು ಒತ್ತಾಯಿಸಬೇಡಿ. ಆದರೆ ಎರಡು-ಮೂರನೇ ವಾರದಲ್ಲಿ ಹಠಾತ್ತನೆ ಹೊಟ್ಟೆ ಗಟ್ಟಿಯಾಗಿ ನೋವು ಬಂದರೆ ಕರುಳು ತೂತಾಗಿರಬಹುದು. ಆಗ ತಡಮಾಡದೆ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಬೇಕು. ಮಂಪರು, ಸೆಳವು, ಉಸಿರಾಟದ ತೊಂದರೆ, ಕಪ್ಪು ಮೂತ್ರ ಕಂಡರೂ ಅಷ್ಟೇ, ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಹೊರಡಿ.