ತವರಿನ ಅನುಕೂಲವನ್ನು ಬಿಡಿಸಿ ಅಳೆಯಿರಿ

ಫುಟ್‌ಬಾಲ್ ಡೇಟಾ ವಿಶ್ಲೇಷಣೆಗೆ ಹೊಸದಾಗಿ ಬಂದವರು ತವರು ನೆಲದಲ್ಲಿ ಆಡುವುದರಿಂದ ಸಿಗುವ ಅನುಕೂಲ ಅಳೆಯಲು 'ತವರು ತಂಡ' ಅನ್ನುವ ಕಾಲಂ ನೋಡಿ ಗೆಲುವಿನ ಶೇಕಡಾವಾರು ತೆಗೆದುಬಿಡುತ್ತಾರೆ. ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಆ ಕಾಲಂ ಅನ್ನು ಹಾಗೇ ನಂಬುವಂತಿಲ್ಲ. 2024ರ ಮಾರ್ಚ್ 21ರಂದು ಭಾರತದ ಎದುರಿನ ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಅಫ್ಗಾನಿಸ್ತಾನ 'ಆತಿಥೇಯ'; ಆಟ ನಡೆದದ್ದು ಸೌದಿ ಅರೇಬಿಯಾದ ಅಭಾದಲ್ಲಿ. ಮೊದಲು ಕ್ರೀಡಾಂಗಣ ಯಾವ ಊರಿನದೆಂದು ನೋಡಿ, ತಟಸ್ಥ ಸ್ಥಳದ ಪಂದ್ಯಗಳನ್ನು ಬೇರೆ ತೆಗೆದಿಡಿ.

ಲೆಕ್ಕ ಕಲಿಯಲು ದಕ್ಷಿಣ ಅಮೆರಿಕದ ಅರ್ಹತಾ ಸುತ್ತೇ ಒಳ್ಳೆಯದು. 10 ತಂಡ, ತಲಾ 18 ಪಂದ್ಯ, ಪ್ರತಿ ಎದುರಾಳಿಯೊಂದಿಗೆ ಮನೆಯಲ್ಲಿ ಒಂದು, ಹೊರಗೆ ಒಂದು. 2007ರ ನವೆಂಬರ್‌ನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಅರ್ಜೆಂಟೀನಾ ಎದುರು ಬೊಲಿವಿಯಾ 0–3ರಿಂದ ಸೋತಿತು. 2009ರ ಏಪ್ರಿಲ್ 1ರಂದು ತನ್ನ ತವರು ಲಾ ಪಾಸ್‌ನಲ್ಲಿ ಅದೇ ಅರ್ಜೆಂಟೀನಾವನ್ನು 6–1ರಿಂದ ಸೋಲಿಸಿತು. −3ರಿಂದ +5ಕ್ಕೆ, ಒಟ್ಟು 8 ಗೋಲಿನ ವ್ಯತ್ಯಾಸ. ಇದಿಷ್ಟೂ ಲಾ ಪಾಸ್‌ನದು ಎಂದುಕೊಂಡರೆ ತಪ್ಪು. ಬ್ಯೂನಸ್ ಐರಿಸ್‌ನಲ್ಲಿ ಅರ್ಜೆಂಟೀನಾಕ್ಕೆ ಸಿಕ್ಕ ಅನುಕೂಲವೂ ಇದರಲ್ಲಿ ಸೇರಿದೆ. ಹತ್ತೂ ತಂಡಗಳ ಎಲ್ಲ ಪಂದ್ಯಗಳನ್ನು ಒಂದೇ ಸಂಖ್ಯಾಶಾಸ್ತ್ರೀಯ ಮಾದರಿಯಲ್ಲಿ (ಮಾಡೆಲ್) ಹಾಕಿ, ತಂಡದ ಬಲ ಮತ್ತು ತವರಿನ ಪಾಲನ್ನು ಒಟ್ಟಿಗೇ ಅಂದಾಜು ಮಾಡಿದರೆ ಮಾತ್ರ ಎರಡೂ ಬೇರೆಯಾಗುತ್ತವೆ.

ಲಾ ಪಾಸ್‌ನ ಎರ್ನಾಂಡೊ ಸಿಲೆಸ್ ಕ್ರೀಡಾಂಗಣ ಇರುವುದು ಸುಮಾರು 3,600 ಮೀಟರ್ ಎತ್ತರದಲ್ಲಿ. ಅಲ್ಲಿ ವಾಯುಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು. ಒಂದು ಓಟದ ನಂತರ ಉಸಿರು ಸುಧಾರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು. ಗಾಳಿ ತೆಳುವಾದ್ದರಿಂದ ಚೆಂಡು ವೇಗವಾಗಿ ಬರುತ್ತದೆ, ತಿರುವು ಕಡಿಮೆ. ಅಭ್ಯಾಸವಿಲ್ಲದ ಗೋಲ್‌ಕೀಪರ್‌ನ ಅಂದಾಜು ತಪ್ಪುವುದು ಇಲ್ಲೇ. ದೇಹ ಒಗ್ಗಲು ಒಂದೆರಡು ವಾರ ಬೇಕು, ರಾಷ್ಟ್ರೀಯ ತಂಡಗಳಿಗೆ ಅಷ್ಟು ದಿನ ಸಿಗುವುದಿಲ್ಲ. ಅದಕ್ಕೇ ಹಲವು ತಂಡಗಳು ಬೊಲಿವಿಯಾದಲ್ಲೇ ಸುಮಾರು 400 ಮೀಟರ್ ಎತ್ತರದ ಸಾಂತಾ ಕ್ರೂಸ್‌ನಲ್ಲಿ ಉಳಿದು, ಪಂದ್ಯದ ದಿನವೇ ಮೇಲೆ ಹತ್ತುತ್ತವೆ. ತಲೆನೋವು, ವಾಕರಿಕೆ ಸಾಮಾನ್ಯವಾಗಿ ಮೇಲೆ ಬಂದು 6ರಿಂದ 12 ಗಂಟೆಯಾದ ಮೇಲೆ ಶುರುವಾಗುವುದರಿಂದ ಅವುಗಳಿಂದ ಪಾರಾಗಬಹುದು, ಆದರೆ ಆಮ್ಲಜನಕದ ಕೊರತೆಯಿಂದ ಪಾರಾಗಲಾಗದು.

2020ರ ಅಕ್ಟೋಬರ್‌ನಲ್ಲಿ ಪ್ರೇಕ್ಷಕರಿಲ್ಲದ ಲಾ ಪಾಸ್‌ನಲ್ಲಿ ಅರ್ಜೆಂಟೀನಾ 2–1ರಿಂದ ಗೆದ್ದಿತು. ಖಾಲಿ ಗ್ಯಾಲರಿಯೇ ಕಾರಣ ಎಂದು ಬರೆಯುವ ಆಸೆಯಾಗುತ್ತದೆ. ಆದರೆ 2023ರಲ್ಲಿ ಅಲ್ಲೇ ಪ್ರೇಕ್ಷಕರ ಮುಂದೆಯೇ ಅರ್ಜೆಂಟೀನಾ 3–0ರಿಂದ ಗೆದ್ದಿದೆ. ಒಂದು ಪಂದ್ಯಕ್ಕೆ ಕಾರಣ ಹಚ್ಚಲು ಹೋಗಬೇಡಿ.

ಪ್ರೇಕ್ಷಕರ ಪ್ರಭಾವ ಹುಡುಕುವಾಗ ಗೋಲಿಗಿಂತ ರೆಫರಿಯ ತೀರ್ಮಾನಗಳು ಹೆಚ್ಚು ಹೇಳುತ್ತವೆ. ಹಳದಿ ಕಾರ್ಡ್‌ಗಳನ್ನು ಬರೀ ಎಣಿಸಿದರೆ ಸಾಲದು: ಹೊರಗಿನ ತಂಡ ಹೆಚ್ಚು ಹೊತ್ತು ರಕ್ಷಣೆಯಲ್ಲೇ ಇದ್ದರೆ ಫೌಲ್ ಕೂಡ ಹೆಚ್ಚು ಮಾಡುತ್ತದೆ. ಒಂದು ಫೌಲ್‌ಗೆ ಎಷ್ಟು ಕಾರ್ಡ್ ಎಂದು ನೋಡಿ.

ಇನ್ನು ಪ್ರಯಾಣ. ಬಹಳ ಜನ ಎಡವುವುದು ಇಲ್ಲಿ. ಎರಡು ರಾಜಧಾನಿಗಳ ನಡುವಿನ ದೂರ ಹಾಕಿದರೆ ಅರ್ಥವೇ ಇಲ್ಲ. ಅರ್ಜೆಂಟೀನಾದ ಬಹುತೇಕ ಆಟಗಾರರು ತವರಿನ ಪಂದ್ಯಕ್ಕೂ ಯುರೋಪಿನಿಂದಲೇ ಹಾರಿ ಬರುತ್ತಾರೆ. ಪ್ರತಿ ಆಟಗಾರನ ಕ್ಲಬ್ ಇರುವ ಊರಿನಿಂದ ಕ್ರೀಡಾಂಗಣಕ್ಕೆ ದೂರ, ಸಮಯವಲಯದ ಅಂತರ, ಎತ್ತರದ ಅಂತರ ಮೂರನ್ನೂ ಪ್ರತ್ಯೇಕ ಕಾಲಂನಲ್ಲಿ ಇಡಿ. ಬೊಲಿವಿಯಾ ತಂಡಕ್ಕೂ ಹಾಗೇ ಮಾಡಿ: ಸಾಂತಾ ಕ್ರೂಸ್‌ನ ಕ್ಲಬ್‌ನಲ್ಲಿ ಆಡುವವನಿಗೆ ಲಾ ಪಾಸ್ ತನ್ನ ದೇಶವೇ ಆದರೂ 3,000 ಮೀಟರ್‌ಗೂ ಹೆಚ್ಚು ಮೇಲಿದೆ.