ಡಾ. ವೆಂಕಟಸ್ವಾಮಿಯವರ ಬೆರಳುಗಳು

ಇಂದು ಬೆಳಿಗ್ಗೆ ಚಿಕ್ಕಮ್ಮನ ಕಣ್ಣಿನ ಪಟ್ಟಿ ಬಿಚ್ಚುತ್ತಿದ್ದ ವೈದ್ಯರ ಬೆರಳುಗಳನ್ನೇ ನೋಡುತ್ತಾ ಕುಳಿತಿದ್ದೆ. ಪೊರೆ ತೆಗೆದಿದ್ದ ಕಣ್ಣಿನ ರೆಪ್ಪೆಯನ್ನು ಅವರು ಎಷ್ಟು ಹಗುರವಾಗಿ ಎತ್ತಿದರೆಂದರೆ, ಚಿಕ್ಕಮ್ಮ ಮಾತು ಕೂಡ ನಿಲ್ಲಿಸಲಿಲ್ಲ.

ಆಗ ನೆನಪಾದವರು ಮಧುರೆಯ ಡಾ. ಜಿ. ವೆಂಕಟಸ್ವಾಮಿ.

1944ರಲ್ಲಿ ಮದ್ರಾಸಿನ ಸ್ಟ್ಯಾನ್ಲಿ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದು ಸೇನೆಯ ವೈದ್ಯರಾಗಿದ್ದ ಅವರು, ತೀವ್ರವಾದ ಸಂಧಿವಾತದಿಂದಾಗಿ 1948ರಲ್ಲಿ ಸೇನೆಯನ್ನು ಬಿಡಬೇಕಾಯಿತು. ಹೆರಿಗೆ ತಜ್ಞರಾಗಬೇಕೆಂಬ ಆಸೆಯನ್ನೂ ಆ ಕಾಯಿಲೆ ಕಸಿದುಕೊಂಡಿತು. ಬೆರಳುಗಳು ಶಾಶ್ವತವಾಗಿ ಸೊಟ್ಟಗಾದವು. ಅಂಥ ಕೈ ಹೊತ್ತು ನೇತ್ರವಿಜ್ಞಾನಕ್ಕೆ ಬಂದು, ತಮ್ಮ ಬೆರಳಿಗೆ ಒಗ್ಗುವ ಉಪಕರಣಗಳನ್ನು ತಾವೇ ರೂಪಿಸಿಕೊಂಡು, ಕೂದಲೆಳೆಯಷ್ಟೂ ತಪ್ಪಬಾರದ ಕಣ್ಣಿನ ಶಸ್ತ್ರಚಿಕಿತ್ಸೆಯನ್ನು ಅವರು ಕಲಿತರು. ಜೀವಮಾನದಲ್ಲಿ 1 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಮಾಡಿದರು. ಈ ಸಂಖ್ಯೆಗಿಂತಲೂ ಆ ಮೊದಲ ದಿನಗಳಲ್ಲಿ ಕತ್ತಿ ಹಿಡಿಯಲು ಅವರು ಪಟ್ಟಿರಬಹುದಾದ ಪಾಡೇ ನನ್ನನ್ನು ಹೆಚ್ಚು ಕಾಡುತ್ತದೆ.

1956ರಲ್ಲಿ ಮಧುರೆಯ ಸರ್ಕಾರಿ ವೈದ್ಯಕೀಯ ಕಾಲೇಜಿನ ನೇತ್ರ ವಿಭಾಗದ ಮುಖ್ಯಸ್ಥರಾದರು, ಮುಂದೆ ಅಲ್ಲಿಯೇ ಉಪ ಡೀನ್ ಆದರು. ಅಧಿಕಾರ ಬಂದ ಮೇಲೂ ಅವರು ಹಳ್ಳಿಗಳ ನೇತ್ರ ಶಿಬಿರಗಳನ್ನು ಬಿಡಲಿಲ್ಲ ಎಂಬುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಶಿಷ್ಯರಿಗೆ ಪಾಠ ಹೇಳುವ ಗುರು ರೋಗಿಯ ಊರಿಗೇ ನಡೆದು ಹೋದರೆ, ಕಲಿಯುವವರಿಗೆ ಬೇರೆ ಉಪದೇಶ ಬೇಕೇ?

1976ರಲ್ಲಿ ನಿವೃತ್ತರಾದಾಗ ವಿಶ್ರಾಂತಿ ಪಡೆಯಬಹುದಿತ್ತು. ಅವರು 11 ಹಾಸಿಗೆಗಳ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ತೆರೆದರು.