ಬ್ಯಾಂಕಾಕ್‌ನಲ್ಲಿ ಕುಟುಂಬದ ಜೊತೆ ಟ್ಯಾಕ್ಸಿ: ಸುವರ್ಣಭೂಮಿಯಿಂದ ಹೋಟೆಲ್ ತಲುಪುವವರೆಗೆ

ಬ್ಯಾಂಕಾಕ್‌ಗೆ ಹೋದ ಕುಟುಂಬಗಳು ಟ್ಯಾಕ್ಸಿ ವಿಷಯದಲ್ಲಿ ಮೊದಲು ಪರದಾಡುವುದು ದುಡ್ಡಿಗಲ್ಲ, ಜಾಗಕ್ಕೆ. ಅಲ್ಲಿನ ಸಾಮಾನ್ಯ ಟ್ಯಾಕ್ಸಿ ಕೊರೊಲಾ ಗಾತ್ರದ ಸೆಡಾನ್. ಬಹಳಷ್ಟು ಗಾಡಿಗಳು ಗ್ಯಾಸ್‌ನಲ್ಲಿ ಓಡುತ್ತವೆ, ಅದರ ಸಿಲಿಂಡರ್ ಇರುವುದು ಡಿಕ್ಕಿಯೊಳಗೆ, ಹಿಂದಿನ ಸೀಟಿಗೆ ಒತ್ತಿಕೊಂಡು. ಉಳಿದ ಜಾಗದಲ್ಲಿ ದೊಡ್ಡ ಸೂಟ್‌ಕೇಸ್ ಎರಡು ಹಿಡಿದರೆ ಹೆಚ್ಚು. ನಾಲ್ಕು ಜನ, ಮೂರು ದೊಡ್ಡ ಪೆಟ್ಟಿಗೆ ಎಂದರೆ ಒಂದು ಪೆಟ್ಟಿಗೆ ಯಾರದೋ ತೊಡೆಯ ಮೇಲೆ ಬರುತ್ತದೆ. ಇಲ್ಲವೇ ಡಿಕ್ಕಿಯ ಬಾಗಿಲನ್ನು ಅರೆಬರೆ ಮುಚ್ಚಿ ಹಗ್ಗ ಕಟ್ಟುತ್ತಾರೆ. ಆ ಸ್ಥಿತಿಯಲ್ಲಿ ಹೆದ್ದಾರಿ ಹತ್ತಿದರೆ ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡುವುದೇ ಕೆಲಸವಾಗುತ್ತದೆ. ಆದ್ದರಿಂದ ಸಾಲಿಗೆ ನಿಲ್ಲುವ ಮೊದಲೇ ಎಷ್ಟು ಜನ, ಎಷ್ಟು ಪೆಟ್ಟಿಗೆ ಎಂದು ಎಣಿಸಿ. ಐದು ಜನ, ಅಥವಾ ಮೂರು ದೊಡ್ಡ ಪೆಟ್ಟಿಗೆ ಇದ್ದರೆ ದೊಡ್ಡ ಗಾಡಿಯನ್ನೇ ಕೇಳಬೇಕು.

ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಆಗಮನ ಹಾಲ್ ಇರುವುದು ಎರಡನೇ ಮಹಡಿಯಲ್ಲಿ, ಮೀಟರ್ ಟ್ಯಾಕ್ಸಿ ಸಿಗುವುದು ಒಂದನೇ ಮಹಡಿಯಲ್ಲಿ. ಈ ಎರಡರ ನಡುವೆ "ಟ್ಯಾಕ್ಸಿ, ಟ್ಯಾಕ್ಸಿ" ಎಂದು ಹತ್ತಿರ ಬರುವವರ ಜೊತೆ ಮಾತಿಗೆ ನಿಲ್ಲಬೇಡಿ. ಹಾಲ್‌ನಲ್ಲಿರುವ ಲಿಮೋಸಿನ್ ಕೌಂಟರ್‌ಗಳು ಮೋಸವೇನಲ್ಲ, ಅವು ನಿಗದಿತ ದರದ ಸೇವೆ. ಆದರೆ ಮೀಟರ್ ಟ್ಯಾಕ್ಸಿಗಿಂತ ಬಹಳ ದುಬಾರಿ. ಕೆಳಗೆ ಇಳಿದು ಹೊರಬಂದರೆ ಟೋಕನ್ ಕೊಡುವ ಯಂತ್ರಗಳಿವೆ. ಮಾಮೂಲು ಕಾರಿಗೆ ಬೇರೆ, ದೊಡ್ಡ ಗಾಡಿಗೆ ಬೇರೆ. ಹತ್ತಿರದ ಊರುಗಳಿಗೆ ಇರುವ ಸಾಲಿನಲ್ಲಿ ತಪ್ಪಿ ನಿಲ್ಲಬೇಡಿ. ಯಂತ್ರ ಕೊಡುವ ಚೀಟಿಯಲ್ಲಿ ಲೇನ್ ಸಂಖ್ಯೆ ಇರುತ್ತದೆ, ಆ ಸಂಖ್ಯೆಯ ಬಳಿ ನಿಂತಿರುವ ಗಾಡಿಯೇ ನಿಮ್ಮದು. ಚೀಟಿಯಲ್ಲಿ ಚಾಲಕನ ಮತ್ತು ಗಾಡಿಯ ವಿವರವೂ ಇರುತ್ತದೆ. ಅದು ನಿಮ್ಮ ಕೈಯಲ್ಲೇ ಇರಲಿ, ಚಾಲಕ ಕೇಳಿದರೂ ಕೊಡಬೇಡಿ. ತೆಗೆದುಕೊಂಡ ಕೂಡಲೇ ಫೋನಿನಲ್ಲಿ ಫೋಟೊ ಹೊಡೆದಿಡಿ. ಮುಂದೆ ಏನೇ ತಕರಾರಾದರೂ, ಬ್ಯಾಗ್ ಸೀಟಿನಲ್ಲೇ ಮರೆತರೂ ಗಾಡಿಯನ್ನು ಹುಡುಕಲು ನೆರವಾಗುವುದು ಆ ಚೀಟಿಯೇ.

ದರದ ಲೆಕ್ಕ ತಿಳಿದಿದ್ದರೆ ಅರ್ಧ ಆತಂಕ ಇಳಿಯುತ್ತದೆ. 2023ರ ಆರಂಭದಲ್ಲಿ ಪರಿಷ್ಕರಿಸಿದ ದರದಂತೆ ಸಾಮಾನ್ಯ ಕಾರಿನ ಮೀಟರ್ 35 ಬಾತ್‌ನಿಂದ (ಬಾತ್ ಎಂದರೆ ಥಾಯ್ಲೆಂಡ್‌ನ ಹಣ) ಶುರುವಾಗುತ್ತದೆ, ದೊಡ್ಡ ಗಾಡಿಯದು 40ರಿಂದ. ಮೊದಲ ಕಿಲೋಮೀಟರ್ ಆದಮೇಲೆ 10 ಕಿ.ಮೀ. ವರೆಗೆ ಕಿಲೋಮೀಟರಿಗೆ 6.50, ಅಲ್ಲಿಂದ 20ರ ತನಕ 7, ನಂತರ 40ರ ತನಕ 8 ಬಾತ್. ಗಾಡಿ ನಿಂತಿದ್ದರೆ ಅಥವಾ ತೆವಳುತ್ತಿದ್ದರೆ ನಿಮಿಷಕ್ಕೆ 3 ಬಾತ್ ಸೇರುತ್ತದೆ. ಊರಿನ ಮಧ್ಯಭಾಗ ವಿಮಾನ ನಿಲ್ದಾಣದಿಂದ ಸುಮಾರು 30 ಕಿ.ಮೀ. ದೂರ. ಲೆಕ್ಕ ಹಾಕಿ ನೋಡಿದರೆ ಮೀಟರ್ 245ರ ಆಸುಪಾಸು ಬರುತ್ತದೆ. ಅದರ ಮೇಲೆ ವಿಮಾನ ನಿಲ್ದಾಣದ ಶುಲ್ಕ 50 ಬಾತ್ ಮತ್ತು ಟೋಲ್. ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಇನ್ನೂ 90. ಹಾಗಾಗಿ ಊರ ಮಧ್ಯದ ಸುಖುಮ್‌ವಿತ್ ರಸ್ತೆಯ ಕಡೆಗೆ ಒಟ್ಟು 350ರಿಂದ 450 ಬಾತ್‌ನ ಆಸುಪಾಸು ಆದರೆ ಅದು ನ್ಯಾಯವಾದ ಮೊತ್ತ. ಮೀಟರ್ ಮೇಲೆ 50 ಬಾತ್ ಹೆಚ್ಚು ಕೇಳಿದ ಚಾಲಕನೊಂದಿಗೆ ಜಗಳಕ್ಕಿಳಿಯುವವರನ್ನು ಅಲ್ಲಿ ಎಷ್ಟೋ ಸಲ ಕಾಣಬಹುದು. ಆತ ಕೇಳುವುದು ನಿಯಮದ ಹಣ, ಕೊಡಲೇಬೇಕು. ಬೇರೆ ಯಾವ ಹೆಚ್ಚುವರಿ ಶುಲ್ಕವಿದೆ ಎಂಬುದಕ್ಕೆ ಸಾಲಿನ ಬಳಿ ಹಾಕಿರುವ ಫಲಕವನ್ನು ಓದಿಕೊಳ್ಳಿ.

ಟೋಲ್ ಹಣವನ್ನು ಪ್ರಯಾಣಿಕರೇ ಕೊಡಬೇಕು. ಹೊರಟ ಸ್ವಲ್ಪ ಹೊತ್ತಿಗೆ ಚಾಲಕ ಎಕ್ಸ್‌ಪ್ರೆಸ್‌ವೇ ಹತ್ತಲೇ ಎಂದು ಕೇಳುತ್ತಾನೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಹಗಲು ಹೊತ್ತು ಹೂಂ ಎನ್ನುವುದೇ ಸರಿ. ಬೆಳಗ್ಗೆ 7ರಿಂದ 9, ಸಂಜೆ 4ರಿಂದ 7ರ ನಡುವೆ, ಅದರಲ್ಲೂ ಮಳೆ ಬಂದರೆ, ಕೆಳಗಿನ ರಸ್ತೆಯಲ್ಲಿ ಗಾಡಿ ಅಲುಗಾಡುವುದಿಲ್ಲ. ಎರಡು ಟೋಲ್‌ಗೆ ಸೇರಿ 75 ಬಾತ್ ಆಸುಪಾಸು ಬೀಳುತ್ತದೆ, ಪ್ರತಿ ಬೂತ್‌ನಲ್ಲೂ ಅಲ್ಲೇ ನಗದು ಕೊಡುವುದು ರೂಢಿ. ಇಲ್ಲೇ ಬಹಳ ಮಂದಿ ಸಿಕ್ಕಿಕೊಳ್ಳುವುದು: ಎಟಿಎಂನಿಂದ ಬಂದ 1000 ಬಾತ್‌ನ ನೋಟುಗಳಷ್ಟೇ ಕೈಯಲ್ಲಿರುತ್ತವೆ, ಚಾಲಕನ ಬಳಿ ಚಿಲ್ಲರೆ ಇರುವುದಿಲ್ಲ, ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತವೆ. ವಿಮಾನ ನಿಲ್ದಾಣದ ಅಂಗಡಿಯಲ್ಲೇ ನೀರಿನ ಬಾಟಲಿ ಕೊಂಡು 1000ದ ನೋಟು ಒಡೆಸಿ. 20ರ ನಾಲ್ಕಾರು, 100ರ ಐದಾರು ನೋಟುಗಳು ಮುಂದಿನ ಸೀಟಿನಲ್ಲಿ ಕೂರುವವರ ಜೇಬಿನಲ್ಲಿರಲಿ.

ಕೂರುವ ಕ್ರಮವನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. ದಾರಿ, ಹಣ, ಫೋನು ನೋಡಿಕೊಳ್ಳುವ ಒಬ್ಬರು ಮುಂದೆ. ಮಾತೆಲ್ಲ ಅವರದ್ದೇ ಆಗಿರಲಿ. ಹಿಂದಿನಿಂದ ಮೂವರು ಮೂರು ಸೂಚನೆ ಕೊಟ್ಟರೆ ಭಾಷೆ ಬಾರದ ಚಾಲಕ ಗೊಂದಲಕ್ಕೆ ಬೀಳುತ್ತಾನೆ. ಥಾಯ್ಲೆಂಡ್‌ನಲ್ಲಿ ಗಾಡಿ ರಸ್ತೆಯ ಎಡಕ್ಕೆ ಚಲಿಸುವುದರಿಂದ ಮಕ್ಕಳನ್ನು ಎಡಗಡೆ ಬಾಗಿಲಿಂದಲೇ ಹತ್ತಿಸಿ, ಇಳಿಸಿ. ಬಲಬಾಗಿಲು ತೆರೆದರೆ ಬೈಕುಗಳು ನುಗ್ಗಿ ಬರುತ್ತವೆ. ಹಿಂದಿನ ಸೀಟಿನ ಬೆಲ್ಟ್ ಕೊಂಡಿ ಎಷ್ಟೋ ಟ್ಯಾಕ್ಸಿಗಳಲ್ಲಿ ಸೀಟ್ ಕವರ್‌ನ ಕೆಳಗೆ ಹೂತಿರುತ್ತದೆ. ಗಾಡಿ ಹೊರಡುವ ಮುನ್ನ ಅದನ್ನು ಹೊರತೆಗೆಯಿರಿ, ಸಿಗದಿದ್ದರೆ ಬೇರೆ ಗಾಡಿ ಕೇಳಿ. ಚಿಕ್ಕ ಮಕ್ಕಳ ಸೀಟು ಟ್ಯಾಕ್ಸಿಯಲ್ಲಿರುತ್ತದೆ ಎಂದು ನಂಬಿಕೊಳ್ಳಬೇಡಿ. ಬೇಕೆಂದರೆ ನಿಮ್ಮದೇ ಒಯ್ಯಬೇಕು, ಅಥವಾ ಅದನ್ನು ಒದಗಿಸುವ ಗಾಡಿಯನ್ನು ಮುಂಗಡ ಗೊತ್ತುಮಾಡಬೇಕು.

ಹೊರಟ ಮೊದಲ ನಿಮಿಷದಲ್ಲಿ ನೋಡಬೇಕಾದ್ದು ಮೀಟರ್. ಅಂಕಿ 35, ದೊಡ್ಡ ಗಾಡಿಯಾದರೆ 40 ಇರಬೇಕು. ಆಗಲೇ 80, 100 ತೋರಿಸುತ್ತಿದ್ದರೆ ಹಿಂದಿನ ಸವಾರಿಯದನ್ನು ಅಳಿಸಿಲ್ಲ ಎಂದರ್ಥ. "ಮೀಟರ್ ಕೆಟ್ಟಿದೆ, 700 ಕೊಡಿ" ಎಂಬ ಮಾತು ಬಂದರೆ ವಿಮಾನ ನಿಲ್ದಾಣದ ಆವರಣ ದಾಟುವ ಮೊದಲೇ ಇಳಿಯಿರಿ. ಹೆದ್ದಾರಿ ಹತ್ತಿದ ಮೇಲೆ ಇಳಿಯುವ ಹಾಗಿಲ್ಲ, ಚೌಕಾಸಿಗೂ ಬಲವಿರುವುದಿಲ್ಲ. ಆಗ ಸುರಕ್ಷಿತವಾಗಿ ಹೋಟೆಲ್ ತಲುಪಿ, ಪೆಟ್ಟಿಗೆಗಳನ್ನೆಲ್ಲ ಇಳಿಸಿಕೊಂಡು, ಆಮೇಲೆ ಸ್ವಾಗತಕಾರರ ಎದುರು ಹಣದ ಮಾತಾಡಿ. ಈ ಕ್ರಮ ಮುಖ್ಯ, ಏಕೆಂದರೆ ಸಾಮಾನು ಡಿಕ್ಕಿಯಲ್ಲಿರುವವರೆಗೆ ಹಿಡಿತ ಚಾಲಕನದು. ದನಿ ಏರಿಸುವುದರಿಂದ ಆ ದೇಶದಲ್ಲಿ ಕೆಲಸ ಕೆಡುತ್ತದೆಯೇ ಹೊರತು ಆಗುವುದಿಲ್ಲ. ವೇಗ ಹೆಚ್ಚಾಗಿ ಭಯವಾದರೆ "ಚಾ ಚಾ" ಎನ್ನಿ, ನಿಧಾನ ಎಂದು ಅವರಿಗೆ ತಿಳಿಯುತ್ತದೆ. ಪ್ರವಾಸಿ ಪೊಲೀಸರ ಸಂಖ್ಯೆ 1155, ಅಲ್ಲಿ ಇಂಗ್ಲಿಷ್ ನಡೆಯುತ್ತದೆ. ಟ್ಯಾಕ್ಸಿ ದೂರುಗಳಿಗೆ ಭೂಸಾರಿಗೆ ಇಲಾಖೆಯ 1584.

ಹೋಟೆಲ್ ವಿಳಾಸ ಥಾಯ್ ಲಿಪಿಯಲ್ಲಿರಬೇಕು, ಜೊತೆಗೆ ಹೋಟೆಲ್‌ನ ಫೋನ್ ಸಂಖ್ಯೆಯೂ. ದಾರಿ ತಪ್ಪಿದಾಗ ಚಾಲಕನೇ ಕರೆ ಮಾಡಿ ಕೇಳುತ್ತಾನೆ. ಸುಖುಮ್‌ವಿತ್ ರಸ್ತೆಯ ಅಡ್ಡರಸ್ತೆಗಳಿಗೆ ಸೋಯ್ ಎನ್ನುತ್ತಾರೆ, ಒಂದು ಬದಿಗೆ ಬೆಸ ಸಂಖ್ಯೆ, ಇನ್ನೊಂದು ಬದಿಗೆ ಸಮ ಸಂಖ್ಯೆ. ಇವು ಎದುರುಬದುರು ಹೊಂದುವುದಿಲ್ಲ: ಫ್ರೋಮ್ ಫೋಂಗ್ ರೈಲು ನಿಲ್ದಾಣದ ಒಂದು ಬದಿಗೆ ಸೋಯ್ 24 ಇದ್ದರೆ ಇನ್ನೊಂದು ಬದಿಗೆ 35, 39. ಸಂಖ್ಯೆ ತಪ್ಪಿದರೆ ಯೂ ಟರ್ನ್‌ಗಾಗಿ ಬಹಳ ದೂರ ಹೋಗಿ ಬರಬೇಕಾಗುತ್ತದೆ.

ಊರೊಳಗಿನ ಓಡಾಟಕ್ಕೆ ಗಾಡಿ ಕರೆಸುವ ಗ್ರ್ಯಾಬ್, ಬೋಲ್ಟ್ ಆ್ಯಪ್‌ಗಳು ನೆಮ್ಮದಿ. ದರ ಮೊದಲೇ ಕಾಣುತ್ತದೆ, ಗಾಡಿಯ ಗಾತ್ರ ಆರಿಸಬಹುದು. ನಂಬರ್ ಪ್ಲೇಟ್‌ನಲ್ಲಿ ಥಾಯ್ ಅಕ್ಷರಗಳಿರುವುದರಿಂದ ಅಂಕಿಗಳನ್ನು ಹೋಲಿಸಿ ನೋಡಿ ಹತ್ತಿ. ಅರಮನೆ, ದೇವಾಲಯಗಳ ಹೊರಗೆ ನಿಂತು "ಇವತ್ತು ಮುಚ್ಚಿದೆ, ಬೇರೆ ಕಡೆ ಕರೆದೊಯ್ಯುತ್ತೇನೆ" ಎನ್ನುವವರ ಗಾಡಿ ಹತ್ತಬೇಡಿ, ಆ ದಾರಿ ಹರಳಿನ ಅಂಗಡಿಗೋ ಬಟ್ಟೆ ಅಂಗಡಿಗೋ ಮುಟ್ಟುತ್ತದೆ.

ವಾಪಸಾಗುವಾಗ ಚಾಲಕನಿಗೆ ಬರಿದೇ "ಏರ್‌ಪೋರ್ಟ್" ಎನ್ನಬೇಡಿ. ಬ್ಯಾಂಕಾಕ್‌ಗೆ ಎರಡು ವಿಮಾನ ನಿಲ್ದಾಣ: ಪೂರ್ವಕ್ಕೆ ಸುವರ್ಣಭೂಮಿ, ಉತ್ತರಕ್ಕೆ ಡಾನ್ ಮುಯಾಂಗ್. ಕಡಿಮೆ ದರದ ವಿಮಾನಗಳು ಹೆಚ್ಚಾಗಿ ಡಾನ್ ಮುಯಾಂಗ್‌ನಿಂದ ಹೊರಡುತ್ತವೆ. ಟಿಕೆಟ್ ತೆಗೆದು ಹೆಸರು ತೋರಿಸಿಯೇ ಹತ್ತಿ. ಸಂಜೆಯ ವಿಮಾನವಿದ್ದು ಸಾಮಾನು ಹಗುರವಾಗಿದ್ದರೆ ಫಯಾ ಥಾಯ್ ನಿಲ್ದಾಣದಿಂದ ಸುವರ್ಣಭೂಮಿಗೆ ಹೋಗುವ ಏರ್‌ಪೋರ್ಟ್ ರೈಲ್ ಲಿಂಕ್ ಟ್ಯಾಕ್ಸಿಗಿಂತ ನಂಬಿಕಸ್ಥ. ಸುಮಾರು ಅರ್ಧ ಗಂಟೆಯ ದಾರಿ, ತಲೆಗೆ 45 ಬಾತ್, ಟ್ರಾಫಿಕ್‌ನ ಗೊಡವೆಯಿಲ್ಲ. ನಡುರಾತ್ರಿಯ ನಂತರ ಮಾತ್ರ ಅದು ಓಡುವುದಿಲ್ಲ.